ಕಾಲೇಜಿಗೆ ಎಲ್ಲರೂ ಬಂದ ಮೇಲೆ ಮಕ್ಕಳ ಬುದ್ಧಿ ಇಳಿಯಿತಾ?

ಮೆಕ್ಯಾನಿಕಲ್ ಮೇಷ್ಟ್ರು

ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ. ಕೇಳಿಬಿಡುತ್ತೇನೆ, ಬೈಯೋರು ಬೈಯಿರಿ.

ತುಮಕೂರು ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ 22 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಕಳೆದ ವಾರ ಮೂರನೇ ಸೆಮಿಸ್ಟರ್‌ಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸು. ಬೋರ್ಡಿನ ಮೇಲೆ ಒಂದು ಪೈಪು ಬರೆದು, "ವ್ಯಾಸ ಅರ್ಧ ಆದ್ರೆ ಏರಿಯಾ ಎಷ್ಟಾಗುತ್ತೆ?" ಅಂತ ಕೇಳಿದೆ. 54 ಜನ ಇದ್ದರು. "ಅರ್ಧ ಸರ್" ಅಂತ ಕೋರಸ್ ಬಂತು. ಕಾಲು ಭಾಗ ಅಂದವರು ಮೂರೇ ಜನ. ಕೊನೇ ಬೆಂಚಿನ ಒಬ್ಬ, "ಫಾರ್ಮುಲಾ ಕೊಡಿ ಸರ್, ಹಾಕ್ತೀವಿ" ಅಂದ. ಫಾರ್ಮುಲಾ ಬೋರ್ಡಿನ ಮೂಲೆಯಲ್ಲೇ ಇತ್ತು.

ನಮ್ಮದು 1994ರ ಬ್ಯಾಚು, ಸಿಇಟಿ ಶುರುವಾದ ವರ್ಷ. ನಮ್ಮ ಕ್ಲಾಸಿನಲ್ಲಿ ಇಂಥದ್ದನ್ನ ಬಾಯಲ್ಲೇ ಹೇಳುತ್ತಿದ್ದರು. ಸುಮ್ನೆ ಮುದುಕರ ಗೊಣಗಾಟ ಅಂದುಕೊಂಡು ಬಿಟ್ಟಿದ್ದೆ. ಆದರೆ 2024ರಲ್ಲಿ ಕೆನಡಾದ ಸಂಶೋಧಕರು ಮಾಡಿದ ಒಂದು ಲೆಕ್ಕ ಕಣ್ಣಿಗೆ ಬಿತ್ತು. 1939ರಿಂದ 2022ರವರೆಗೆ ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟ ವೆಕ್ಸ್‌ಲರ್ ಅನ್ನುವ ಐಕ್ಯೂ (ಬುದ್ಧಿಮಟ್ಟ ಅಳೆಯುವ) ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿದ್ದಾರೆ. ವರ್ಷಕ್ಕೆ ಸುಮಾರು 0.2 ಪಾಯಿಂಟ್ ಇಳಿದಿದೆಯಂತೆ. ಈಗಿನ ಸರಾಸರಿ 102, ಎಲ್ಲ ಜನರ ಸರಾಸರಿ 100. ಅಂದರೆ ಕಾಲೇಜಿಗೆ ಹೋಗುವವರೂ ಹೋಗದವರೂ ಹೆಚ್ಚು ಕಡಿಮೆ ಒಂದೇ.

ಸೀಟು ಜಾಸ್ತಿ ಮಾಡಿ ಮಾಡಿ ನಾವೇ ಈ ಗತಿ ತಂದುಕೊಂಡೆವಾ?

ಸರಾಸರಿ ಮನುಷ್ಯ

ಮೇಷ್ಟ್ರೇ, ಸಂಖ್ಯಾಶಾಸ್ತ್ರ ನನ್ನ ಹೊಟ್ಟೆಪಾಡು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಸರಾಸರಿ ಇಳಿಯಿತು ಅನ್ನುವುದೂ ಮಕ್ಕಳು ದಡ್ಡರಾದರು ಅನ್ನುವುದೂ ಒಂದೇ ಅಲ್ಲ.

ಒಂದು ಊರಲ್ಲಿ ಐದು ಮಕ್ಕಳು. ಅವರ ಅಂಕ 90, 80, 70, 60, 50. ಮೊದಲು ಇಬ್ಬರೇ ಕಾಲೇಜಿಗೆ ಹೋಗುತ್ತಿದ್ದರು. ಕಾಲೇಜಿನ ಸರಾಸರಿ 85, ಊರಲ್ಲಿ ಉಳಿದ ಮೂವರದ್ದು 60. ಈಗ ಬಸ್ಸು ಬಂತು, ಸ್ಕಾಲರ್‌ಶಿಪ್ ಬಂತು. 70 ತೆಗೆದ ಹುಡುಗಿಯೂ ಕಾಲೇಜಿಗೆ ಹೊರಟಳು. ಕಾಲೇಜಿನ ಸರಾಸರಿ 80ಕ್ಕೆ ಇಳಿಯಿತು. ಊರಲ್ಲಿ ಉಳಿದವರ ಸರಾಸರಿ 55ಕ್ಕೆ ಇಳಿಯಿತು. ಎರಡೂ ಕಡೆ ಇಳಿಯಿತು! ಒಬ್ಬರ ಅಂಕವೂ ಒಂದು ಚೂರು ಬದಲಾಗಿಲ್ಲ. ಊರಿನ ಒಟ್ಟು ಸರಾಸರಿ ಆಗಲೂ 70, ಈಗಲೂ 70.

ಕಾಲೇಜಿನ ಮೇಷ್ಟ್ರು "ಮಕ್ಕಳು ಹಾಳಾದರು" ಅಂತಾರೆ. ಊರಲ್ಲಿ ಕೂಲಿಗೆ ಜನ ಹುಡುಕುವವರೂ "ಈಗಿನ ಹುಡುಗರಿಗೆ ತಲೆಯೇ ಇಲ್ಲ" ಅಂತಾರೆ. ಇಬ್ಬರಿಗೂ ಕಂಡದ್ದು ನಿಜ. ತೀರ್ಮಾನ ಮಾತ್ರ ಇಬ್ಬರದ್ದೂ ತಪ್ಪು.

ನಮ್ಮ ದೇಶದ ಅಂಕಿ ನೋಡಿ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ 2021-22ರಲ್ಲಿ 4.33 ಕೋಟಿ ಜನ ಓದುತ್ತಿದ್ದರು. 2014-15ರಲ್ಲಿ ಅದು 3.42 ಕೋಟಿ. ಒಟ್ಟು ದಾಖಲಾತಿ ಅನುಪಾತ, ಅಂದರೆ ಕಾಲೇಜು ವಯಸ್ಸಿನ ನೂರು ಜನಕ್ಕೆ ಎಷ್ಟು ಜನ ಓದುತ್ತಿದ್ದಾರೆ ಅನ್ನುವುದು, ಆ ವರ್ಷ ದೇಶಕ್ಕೆ 28.4, ಕರ್ನಾಟಕಕ್ಕೆ 36.2. 2035ಕ್ಕೆ 50 ಮುಟ್ಟಬೇಕು ಅಂತ 2020ರ ಶಿಕ್ಷಣ ನೀತಿ ಹೇಳುತ್ತದೆ. ಇಷ್ಟು ಜನ ಬಂದ ಮೇಲೂ ಸರಾಸರಿ ಮೇಲೇ ಇರಬೇಕು ಅಂದರೆ ಹೇಗೆ? ಬಾಣಲೆಗೆ ನೀರು ಸುರಿದು ಸಾರು ಮಾತ್ರ ಗಟ್ಟಿಯಾಗೇ ಇರಲಿ ಅಂದ ಹಾಗೆ.

ಗಾಂಧಿಬಜಾರ್ ಕಾಫಿ

ಕಾರಣ ಮೊಬೈಲು. ಚರ್ಚೆ ಮುಗೀತು. ಎಲ್ಲ ಮನೆಗೆ ಹೋಗಿ.

ನಿವೃತ್ತ ಪ್ರಾಚಾರ್ಯ, ಧಾರವಾಡ

ಸರಾಸರಿಯವರು ಸಾರಿನ ಉಪಮಾ ಕೊಟ್ಟರು, ನನಗದು ಒಪ್ಪಿಗೆ ಇಲ್ಲರಿ. ಮೊದಲು ಬರುತ್ತಿದ್ದವರೆಲ್ಲ ಗಟ್ಟಿ ಸಾರು, ಆಮೇಲೆ ಬಂದವರು ನೀರು ಅಂತ ಯಾರು ಹೇಳಿದರು?

1951ರ ಜನಗಣತಿಯಲ್ಲಿ ಈ ದೇಶದ ಹೆಣ್ಣುಮಕ್ಕಳ ಸಾಕ್ಷರತೆ ಶೇಕಡಾ 8.86. ಅಂದರೆ ಅರ್ಧ ದೇಶದ ಬುದ್ಧಿ ಕಾಲೇಜಿನ ಗೇಟಿನ ಸನಿಹಕ್ಕೂ ಬಂದಿರಲಿಲ್ಲ. ಆಗ ಕಾಲೇಜು ಆರಿಸಿಕೊಂಡದ್ದು ಬುದ್ಧಿವಂತರನ್ನಲ್ಲ, ಅನುಕೂಲ ಇದ್ದವರನ್ನ. ಅವರೊಳಗೆ ಬುದ್ಧಿವಂತರು ಇದ್ದರು, ಇಲ್ಲ ಅನ್ನುವುದಿಲ್ಲ. ಗೌಡರ ಮಗ, ಕುಲಕರ್ಣಿಯವರ ಮಗ ದಡ್ಡನಾದರೂ ಬಿ.ಎ. ಆಗುತ್ತಿದ್ದ. ಅವರ ಮನೆಯ ಕೆಲಸದವಳ ಮಗಳು ಜಾಣೆಯಾದರೂ ಸಗಣಿ ಬಳಿಯುತ್ತಿದ್ದಳು. ಅಂಥ ಗೇಟು ತೆಗೆದರೆ ಸರಾಸರಿ ಏರಲಿಕ್ಕೂ ಸಾಕು. ಆ ಕೆನಡಾದವರ ಲೆಕ್ಕವನ್ನ ಹಂಗೇ ಇಲ್ಲಿಗೆ ಹಾಕಬೇಡಿರಿ.

ಮತ್ತೆ ಈ ಕೊರಗೂ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ಆಯಿತು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೂ ಜಾಗ ಬೇಕು ಅಂತ. ಆಗಲೂ ಎದ್ದ ಮಾತು ಇದೇ: ದಕ್ಷತೆ ಕುಸಿಯುತ್ತದೆ. ದಿವಾನ್ ವಿಶ್ವೇಶ್ವರಯ್ಯನವರಿಗೂ ಆ ಆತಂಕ ಇತ್ತು. ದೊಡ್ಡವರು, ಅವರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ.

ಮೆಕ್ಯಾನಿಕಲ್ ಮೇಷ್ಟ್ರಿಗೆ ಒಂದು ಮಾತು. ನಾನು ಪಿಯುಸಿ ಓದಿದ್ದು ಸಣ್ಣ ಊರಲ್ಲಿ. ಸೈನ್ಸಿಗೆ ಸೇರಿದವರು 60 ಚಿಲ್ಲರೆ, ಪಾಸಾದವರು 11. ಸ್ನೇಹಿತರ ಕೂಟದಲ್ಲಿ "ನಮ್ಮ ಬ್ಯಾಚ್ ಅಂದ್ರ ಬ್ಯಾಚ್" ಅಂತ ಎದಿ ಬಡಕೋತೀವಿ. ಆ ಕೂಟಕ್ಕ ಬರೋದು 11 ಮಂದಿನೇ. ಉಳಿದ 50 ಜನ ಎಲ್ಲಿ ಹೋದರು ಅಂತ ಯಾರಿಗೂ ನೆನಪಿಲ್ಲ.

ಮೆಕ್ಯಾನಿಕಲ್ ಮೇಷ್ಟ್ರು

ಸರ್, ಕೊನೇ ಮಾತು ಚುಚ್ಚಿತು. ನಮ್ಮ ಬ್ಯಾಚಲ್ಲೂ ಬ್ಯಾಕ್‌ಲಾಗ್ ಮೇಲೆ ಬ್ಯಾಕ್‌ಲಾಗ್ ಆಗಿ ಬಿಟ್ಟು ಹೋದವರಿದ್ದರು. ಅವರನ್ನ ಲೆಕ್ಕಕ್ಕೆ ಹಿಡಿದೇ ಇಲ್ಲ ನಾನು.

ಆದರೂ ಪೈಪಿನ ಪ್ರಶ್ನೆ ಹಾಗೇ ಇದೆ. ಬುದ್ಧಿ ಇಳಿದಿಲ್ಲ ಅಂದರೆ ಕಾಲು ಭಾಗ ಯಾಕೆ ಬರಲಿಲ್ಲ?

ಟೆಸ್ಟ್ ಕಿಟ್ ಮೇಡಂ

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ದಿನಾ ಐಕ್ಯೂ ಪರೀಕ್ಷೆ ಮಾಡುವವಳು ನಾನು. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಐಕ್ಯೂ 100 ಅನ್ನುವುದು ಕೆಜಿ, ಮೀಟರ್ ಥರದ ಅಳತೆ ಅಲ್ಲ. ಆ ಕಾಲದ, ಆ ವಯಸ್ಸಿನ ಜನರ ಸರಾಸರಿಗೆ 100 ಅಂತ ಹೆಸರಿಟ್ಟಿರುತ್ತಾರೆ. ಜನ ಬದಲಾದ ಹಾಗೆ ಪರೀಕ್ಷೆಯನ್ನು ಮತ್ತೆ ಹೊಂದಿಸುತ್ತಾರೆ. ಜೇಮ್ಸ್ ಫ್ಲಿನ್ ಅನ್ನುವ ಸಂಶೋಧಕರು 1980ರ ದಶಕದಲ್ಲಿ ತೋರಿಸಿದ್ದು ಏನೆಂದರೆ, ಅಮೆರಿಕದಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಪಾಯಿಂಟಿನಷ್ಟು ಜನರ ಉತ್ತರ ಸುಧಾರಿಸುತ್ತಾ ಬಂದಿದೆ. ಇವತ್ತಿನ 100 ತೆಗೆಯಲು 1939ರ 100ಕ್ಕಿಂತ ಜಾಸ್ತಿ ಪ್ರಶ್ನೆ ಬಿಡಿಸಬೇಕು.

ಈಗ ಕೆನಡಾದವರ ಲೆಕ್ಕವನ್ನ ಇದರ ಪಕ್ಕ ಇಡಿ. 80 ವರ್ಷದಲ್ಲಿ ಕಾಲೇಜು ಸರಾಸರಿ 119ರ ಆಸುಪಾಸಿನಿಂದ 102ಕ್ಕೆ ಬಂತು. ಅದೇ 80 ವರ್ಷದಲ್ಲಿ ಅಳತೆಗೋಲೇ ಸುಮಾರು 24 ಪಾಯಿಂಟ್ ಮೇಲೆ ಸರಿಯಿತು. ಇವತ್ತಿನ ಮಾಮೂಲಿ ವಿದ್ಯಾರ್ಥಿಯನ್ನ 1939ರ ಪಟ್ಟಿ (ಎಷ್ಟು ಸರಿ ಉತ್ತರಕ್ಕೆ ಎಷ್ಟು ಅಂಕ ಅನ್ನುವ ಕೋಷ್ಟಕ) ಹಿಡಿದು ಅಳೆದರೆ ಅವನು ಆ ಕಾಲದ ವಿದ್ಯಾರ್ಥಿಯ ಸಮಕ್ಕೆ ಅಥವಾ ಮೇಲೆಯೇ ನಿಲ್ಲುತ್ತಾನೆ. ಇಳಿದದ್ದು ಅವನ ತಲೆಯಲ್ಲ. ಸುತ್ತಲಿನವರಿಗಿಂತ ಅವನು ಎಷ್ಟು ಎತ್ತರ ಅನ್ನುವ ಅಂತರ ಇಳಿದದ್ದು.

ಹಾಗಾದರೆ ಪೈಪು? ಫ್ಲಿನ್ ಹೇಳಿದ ಏರಿಕೆ ಎಲ್ಲ ಭಾಗದಲ್ಲೂ ಒಂದೇ ಥರ ಆಗಿಲ್ಲ. ಎರಡು ವಸ್ತುಗಳಿಗೆ ಏನು ಸಾಮ್ಯ ಅಂತ ಹೇಳುವುದು, ಚಿತ್ರದ ಮಾದರಿ ಪೂರ್ತಿ ಮಾಡುವುದು, ಇವುಗಳಲ್ಲಿ ಜಾಸ್ತಿ. ಲೆಕ್ಕ, ಪದಗಳ ಅರ್ಥ, ಸಾಮಾನ್ಯ ಜ್ಞಾನ, ಇವುಗಳಲ್ಲಿ ತುಂಬಾ ಕಡಿಮೆ. ನಿಮ್ಮ ಪೈಪಿನ ಪ್ರಶ್ನೆ ಲೆಕ್ಕದ ಕಡೆಯದು. ಅದು ಯಾರೋ ಕೂತು ಕಲಿಸಿದರೆ ಬರುವಂಥದ್ದು.

ನಮ್ಮ ಕಡೆಯ ಒಂದು ವಿಷಯ ಹೇಳಲೇಬೇಕು. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆ ಅನ್ನುವ ಐಕ್ಯೂ ಪರೀಕ್ಷೆಯನ್ನ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಅಂತ ಈಗಲೂ ಬಳಸುತ್ತೇವೆ. ಅದರ ಪಟ್ಟಿಗಳು ಅರ್ಧ ಶತಮಾನಕ್ಕೂ ಹಳೆಯವು. ಹಳೆ ಗೋಲಿನಲ್ಲಿ ಅಳೆದರೆ ಮಗುವಿನ ಅಂಕ ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಸಹಾಯ ಬೇಕಾದ ಮಗುವಿಗೆ "ನಾರ್ಮಲ್" ಅಂತ ಸರ್ಟಿಫಿಕೇಟ್ ಸಿಕ್ಕಿಬಿಡಬಹುದು. ನನಗೆ ನಿದ್ದೆ ಕೆಡಿಸುವ ವಿಷಯ ಇದು, ಕಾಲೇಜಿನ ಸರಾಸರಿ ಅಲ್ಲ.

ಗಾಂಧಿಬಜಾರ್ ಕಾಫಿ

ಮೇಡಂ, ಮೊಬೈಲ್ ಬಗ್ಗೆ ಏನೂ ಹೇಳಲಿಲ್ಲ?

ಟೆಸ್ಟ್ ಕಿಟ್ ಮೇಡಂ

ನಾರ್ವೆಯಲ್ಲಿ ಸೇನೆಗೆ ಸೇರುವ ಹುಡುಗರಿಗೆಲ್ಲ ಇಂಥ ಪರೀಕ್ಷೆ ಇದೆ. ಅಲ್ಲಿ 1975ರ ನಂತರ ಹುಟ್ಟಿದವರಲ್ಲಿ ಅಂಕ ಇಳಿಯಲು ಶುರುವಾಯಿತು. ಅವರು ಪರೀಕ್ಷೆ ಬರೆಯುವ ಹೊತ್ತಿಗೆ ಯಾರ ಜೇಬಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ. 2018ರಲ್ಲಿ ಬಂದ ಅಧ್ಯಯನ ಒಂದೇ ಮನೆಯ ಅಣ್ಣ ತಮ್ಮಂದಿರನ್ನ ಹೋಲಿಸಿ ನೋಡಿತು. ಅಲ್ಲೂ ಅದೇ ಇಳಿಕೆ. ಅಂದರೆ ವಂಶದ ಕಾರಣ ಅಲ್ಲ, ಬೆಳೆಯುವ ವಾತಾವರಣದಲ್ಲೇ ಏನೋ ಬದಲಾಗಿದೆ. ಮೊಬೈಲನ್ನ ನಾನೂ ಮಗನಿಂದ ಕಿತ್ತುಕೊಳ್ಳುತ್ತೇನೆ. ಆದರೆ ಎಲ್ಲಾ ಪಾಪ ಅದರ ತಲೆಗೇ ಕಟ್ಟಲು ಆಗಲ್ಲ.

ಖಡಕ್ ಇನ್ವಿಜಿಲೇಟರ್

ಎಲ್ಲರೂ ಸಮಾಧಾನ ಹೇಳುವವರೇ ಸಿಕ್ಕರು ಮೇಷ್ಟ್ರಿಗೆ. ನಾನು ಸ್ವಲ್ಪ ಕಹಿ ಹೇಳುತ್ತೇನೆ.

2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. 73.40ಕ್ಕೆ ಬಿತ್ತು, ಅದೂ ಕೃಪಾಂಕ ಏರಿಸಿದ ಮೇಲೆ! ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಹತ್ತು ಪರ್ಸೆಂಟ್ ಕರಗಿತಾ? ಇಲ್ಲ. ಹಿಂದಿನ ಅಂಕಿಯೇ ಟೊಳ್ಳು. ಆ ಟೊಳ್ಳಿನ ಮೇಲೆ ಪಿಯುಸಿ, ಅದರ ಮೇಲೆ ಎಂಜಿನಿಯರಿಂಗ್. ಸಿಇಟಿ ಬರೆದಿದ್ದರೆ ಸಾಕು, ಫಿಸಿಕ್ಸು, ಮ್ಯಾಥ್ಸು ಮತ್ತಿನ್ನೊಂದು ಸೇರಿ 45 ಪರ್ಸೆಂಟ್ ಇದ್ದರೆ ಬಿ.ಇ. ಸೀಟಿಗೆ ಅರ್ಹತೆ. ಖಾಲಿ ಸೀಟು ತುಂಬಿಸಲು ಮ್ಯಾನೇಜ್‌ಮೆಂಟಿನವರು ಪಿಯು ಕಾಲೇಜಿನ ಗೇಟಿನಲ್ಲಿ ಪಾಂಪ್ಲೆಟ್ ಹಂಚುತ್ತಾರೆ. ಮೇಷ್ಟ್ರೇ, ನಿಮಗೂ ಆ ಡ್ಯೂಟಿ ಹಾಕಿರಬೇಕು ಅಲ್ವಾ?

ಮೆಕ್ಯಾನಿಕಲ್ ಮೇಷ್ಟ್ರು

ಹಾಕಿದ್ದಾರೆ. ಮೇ ತಿಂಗಳ ಬಿಸಿಲಲ್ಲಿ ಶಿರಾ, ಮಧುಗಿರಿ, ಪಾವಗಡ ಸುತ್ತಿದ್ದೇನೆ. ಮಗುವಿನ ಅಂಕ ಕೇಳುವುದಕ್ಕಿಂತ ಮೊದಲು ಅಪ್ಪನ ಫೋನ್ ನಂಬರ್ ಬರೆದುಕೊಂಡದ್ದೂ ಉಂಟು.

ಕ್ಯಾಂಪಸ್ ಸೆಲೆಕ್ಷನ್

ಎಚ್‌ಆರ್ ಕಡೆಯಿಂದ ಎರಡು ಮಾತು. ಹಿಂದೆ ಡಿಗ್ರಿ ನೋಡಿದರೆ ಸಾಕಿತ್ತು, ಅದೇ ಜರಡಿ. ಅರ್ಥಶಾಸ್ತ್ರಜ್ಞ ಮೈಕಲ್ ಸ್ಪೆನ್ಸ್ 1973ರಲ್ಲೇ ಹೇಳಿದ್ದು ಇದನ್ನ. ಡಿಗ್ರಿ ಏನು ಕಲಿಸಿತು ಅನ್ನುವುದಕ್ಕಿಂತ, ಅದನ್ನ ಗಿಟ್ಟಿಸಿಕೊಂಡವನು ಎಂಥವನು ಅನ್ನುವ ಸೂಚನೆ ಕೊಡುತ್ತದೆ ಅಂತ. ಎಲ್ಲರ ಕೈಯಲ್ಲೂ ಡಿಗ್ರಿ ಬಂದರೆ ಆ ಸೂಚನೆ ಸತ್ತ ಹಾಗೆ. ಅದಕ್ಕೇ ನಾವು "ಟೆಂತ್, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪರ್ಸೆಂಟ್, ಬ್ಯಾಕ್‌ಲಾಗ್ ಇರಬಾರದು" ಅಂತ ಹಾಕುತ್ತೇವೆ. ಅದರ ಮೇಲೆ ಆಪ್ಟಿಟ್ಯೂಡ್ ಟೆಸ್ಟು. ನಿಜ ಹೇಳಬೇಕು ಅಂದರೆ ಇದು ನಮಗೂ ಸೋಮಾರಿತನ. ಹತ್ತನೇ ಕ್ಲಾಸಿನಲ್ಲಿ ಜ್ವರ ಬಂದು 58 ತೆಗೆದವನನ್ನ ಆರು ವರ್ಷದ ನಂತರ ಸಾಫ್ಟ್‌ವೇರ್ ಕೆಲಸಕ್ಕೆ ಬೇಡ ಅನ್ನುತ್ತೇವೆ.

ಸರಾಸರಿ ಮನುಷ್ಯ

ಜರಡಿ ಮಾತು ಬಂದದ್ದಕ್ಕೆ ಒಂದು ಲೆಕ್ಕ. ಐಕ್ಯೂ ನೋಡಿಯೇ ಸೀಟು ಕೊಡುವ ಒಂದು ದೇಶ ಇದೆ ಅಂದುಕೊಳ್ಳಿ. ಮೇಲಿನ ಶೇಕಡಾ 10 ಜನರನ್ನ ತಗೊಂಡರೆ ಕಾಲೇಜಿನ ಸರಾಸರಿ ಸುಮಾರು 126. ಮೇಲಿನ ಅರ್ಧ ಜನರನ್ನ ತಗೊಂಡರೂ ಸುಮಾರು 112. ಆದರೆ ಕೆನಡಾದವರ ಅಧ್ಯಯನದಲ್ಲಿ ನಿಜಕ್ಕೂ ಸಿಕ್ಕದ್ದು 102! ಅಂದರೆ ಗೇಟಿನಲ್ಲಿ ನಿಂತು ಆರಿಸುತ್ತಿರುವುದು ಬುದ್ಧಿ ಒಂದೇ ಅಲ್ಲ. ದುಡ್ಡು, ಮನೆಯ ವಾತಾವರಣ, ಆಸಕ್ತಿ, ಬೇರೆ ಕೆಲಸ ಸಿಗದೆ ಬಂದದ್ದು, ಎಲ್ಲ ಸೇರಿದೆ. ಪ್ರಾಚಾರ್ಯರ ಮಾತು ಆ ಕಾಲದ ಧಾರವಾಡಕ್ಕೆ ಮಾತ್ರ ಅಲ್ಲ, ಆ ಅಧ್ಯಯನದ ಇವತ್ತಿನ ಕಾಲೇಜುಗಳಿಗೂ ಹೊಂದುತ್ತದೆ. ಸಾರಿನ ಉಪಮೆ ವಾಪಸ್ ತಗೊಂಡಿದ್ದೇನೆ ಸರ್.

ಇನ್ನೊಂದು. ಜರಡಿ ಮಾಯ ಆಗಿಲ್ಲ, ಜಾಗ ಬದಲಾಯಿಸಿದೆ. ಮೊದಲು ಕಾಲೇಜಿಗೆ ಹೋದೆಯಾ ಇಲ್ಲವಾ ಅನ್ನುವಲ್ಲಿ ಇತ್ತು. ಈಗ ಯಾವ ಕಾಲೇಜು ಅನ್ನುವಲ್ಲಿದೆ. ಅದೇ ಅಧ್ಯಯನದಲ್ಲೂ ಕಷ್ಟದ ಪ್ರವೇಶ ಇರುವ ವಿಶ್ವವಿದ್ಯಾಲಯಗಳ ಸರಾಸರಿ ಮೇಲೇ ಇದೆ. ನಮ್ಮಲ್ಲಿ ಸಿಇಟಿ ರ್‍ಯಾಂಕ್ 900ರವನೂ 90,000ದವನೂ ಇಬ್ಬರೂ ಬಿ.ಇ. ಮೊದಲಿನವನು ಸೇರಿದ ಕಾಲೇಜಿನ ಮೇಷ್ಟ್ರು ಇಲ್ಲಿ ಬಂದು ಈ ಪ್ರಶ್ನೆ ಕೇಳುವುದೇ ಇಲ್ಲ.

ಕುಷ್ಟಗಿ ಹುಡುಗಿ

ನಾನು ಇಲ್ಲಿ ಓದುವುದು ಮಾತ್ರ, ಬರೆಯುವುದು ಕಡಿಮೆ. ಇವತ್ತು ತಡೆಯಲಿಕ್ಕೆ ಆಗಲಿಲ್ಲ. ನೀವೆಲ್ಲ ಮಾತಾಡುತ್ತಿರುವ ಆ "ಸರಾಸರಿ ಇಳಿಸಿದವರು" ಅಂದರೆ ನಾನೇ.

ಅಪ್ಪ ಮೂರನೇ ಕ್ಲಾಸು, ಅವ್ವ ಶಾಲೆ ಕಂಡಿಲ್ಲ. ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಗಣಿತದಲ್ಲಿ 100ಕ್ಕೆ 96. ಪಿಯುಸಿ ಸೈನ್ಸು ಇಂಗ್ಲಿಷ್‌ನಲ್ಲಿ. ಮೊದಲನೇ ವಾರ ಸರ್ ಬಂದು, "ಕ್ವಾಡ್ರಾಟಿಕ್ ಈಕ್ವೇಷನ್ ನಿಮಗೆ ಗೊತ್ತಿರೋದೇ, ಮುಂದಕ್ಕೆ ಹೋಗೋಣ" ಅಂದರು. ಎಲ್ಲರೂ ತಲೆ ಅಲ್ಲಾಡಿಸಿದರು. ನನಗೆ ಗೊತ್ತಿರಲಿಲ್ಲ. ಕೇಳಲಿಕ್ಕೆ ನಾಚಿಕೆ. ಪಾಲಿನಾಮಿಯಲ್ ಅಂದರು, ಅದೂ ಗೊತ್ತಿರಲಿಲ್ಲ. ಹಾಸ್ಟೆಲ್ಲಿಗೆ ಬಂದು ಮುಸುಕು ಹಾಕಿಕೊಂಡು ಅತ್ತೆ. ನಾನು ದಡ್ಡಿ, ಶಾಲೆಯಲ್ಲಿ ಸುಮ್ನೆ ಮಾರ್ಕ್ಸ್ ಹಾಕಿದ್ದರು ಅಂತ ಖಾತ್ರಿ ಆಗಿಬಿಟ್ಟಿತ್ತು.

ಸುಮಾರು ಒಂದು ತಿಂಗಳಾದ ಮೇಲೆ ರೂಮ್‌ಮೇಟ್ ನೋಟ್ಸ್ ನೋಡುತ್ತಾ ಇದ್ದೆ. ಎಕ್ಸ್ ಸ್ಕ್ವೇರ್ ಇರುವ ಒಂದು ಸಾಲು ಕಂಡಿತು. ಅಯ್ಯೋ, ಇದು ವರ್ಗ ಸಮೀಕರಣ! ಪಾಲಿನಾಮಿಯಲ್ ಅಂದರೆ ಬಹುಪದೋಕ್ತಿ. ಎಲ್ಲ ಗೊತ್ತಿತ್ತು ನನಗೆ. ಹೆಸರು ಗೊತ್ತಿರಲಿಲ್ಲ ಅಷ್ಟೇ. ಅಷ್ಟರಲ್ಲಿ ಮೊದಲ ಟೆಸ್ಟು ಮುಗಿದು ಹೋಗಿತ್ತು. 25ಕ್ಕೆ 6.

ಆ ತಿಂಗಳು ಯಾರಾದರೂ ನನ್ನ ಐಕ್ಯೂ ಅಳೆದಿದ್ದರೆ ಎಷ್ಟು ಬರುತ್ತಿತ್ತು ಮೇಡಂ? ಈಗ ಬೆಂಗಳೂರಿನಲ್ಲಿ ಚಿಪ್ ಡಿಸೈನ್ ಕಂಪನಿಯಲ್ಲಿ ಕೆಲಸ. ಜಂಬಕ್ಕೆ ಹೇಳುತ್ತಿಲ್ಲ. ನನ್ನ ಜೊತೆ ಬಂದ ಇಬ್ಬರು ಆ ತಿಂಗಳು ದಾಟಲಿಲ್ಲ. ಬ್ಯಾಗ್ ತಗೊಂಡು ಊರಿಗೆ ಹೋದರು.

ನಿವೃತ್ತ ಪ್ರಾಚಾರ್ಯ, ಧಾರವಾಡ

ತಂಗಿ, 30 ವರ್ಷ ಪಾಠ ಮಾಡೀನಿ. "ನಿಮಗೆ ಗೊತ್ತಿರೋದೇ" ಅಂತ ಎಷ್ಟು ಸಲ ಅಂದೀನೋ ಲೆಕ್ಕ ಇಲ್ಲ.

ಅತಿಥಿ ದೇವೋ ಭವ

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹೆಸರಿಗೆ ಅತಿಥಿ, ಒಂಬತ್ತು ವರ್ಷ ಆಯಿತು.

ಮಕ್ಕಳ ಕಲಿಕೆಯ ಸಮೀಕ್ಷೆ ಮಾಡುವ ಅಸರ್ ಸಂಸ್ಥೆಯವರು 2023ರಲ್ಲಿ 14ರಿಂದ 18 ವಯಸ್ಸಿನ ಹಳ್ಳಿ ಮಕ್ಕಳನ್ನ ನೋಡಿದರು. ನಾಲ್ಕರಲ್ಲಿ ಒಬ್ಬರಿಗೆ ತಮ್ಮ ಭಾಷೆಯ ಎರಡನೇ ಕ್ಲಾಸಿನ ಪಾಠ ಸರಾಗವಾಗಿ ಓದಲು ಬರಲ್ಲ. ಮೂರಂಕಿಯನ್ನ ಒಂದಂಕಿಯಿಂದ ಭಾಗಿಸಿದವರು ಶೇಕಡಾ 43. ಇವರಲ್ಲಿ ಒಂದಷ್ಟು ಜನ ನಾಳೆ ನನ್ನ ಬಿ.ಕಾಂ. ಕ್ಲಾಸಿಗೆ ಬರುತ್ತಾರೆ. ನನ್ನ ಸಿಲಬಸ್ ಕಾಸ್ಟ್ ಅಕೌಂಟಿಂಗಿನಿಂದ ಶುರು. ಭಾಗಾಕಾರ ಕಲಿಸಲು ಟೈಂಟೇಬಲ್ಲಿನಲ್ಲಿ ಪೀರಿಯಡ್ ಇಲ್ಲ. ಕಲಿಸಿದರೆ ಸಿಲಬಸ್ ಮುಗಿಸಿಲ್ಲ ಅಂತ ನೋಟಿಸು. ಖಡಕ್ ಸರ್ ಹೇಳಿದ್ದೂ ಸರಿ, ಕುಷ್ಟಗಿ ತಂಗಿ ಹೇಳಿದ್ದೂ ಸರಿ. ನನ್ನ ಕ್ಲಾಸಿನಲ್ಲಿ ಎರಡೂ ಥರದವರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಟೆಸ್ಟ್ ಪೇಪರಿನಲ್ಲಿ ಇಬ್ಬರಿಗೂ 6.

ಟೆಸ್ಟ್ ಕಿಟ್ ಮೇಡಂ

ಕುಷ್ಟಗಿಯವರೇ, ಪದಗಳ ಮೇಲೆ ನಿಂತ ಪರೀಕ್ಷೆಯನ್ನ ಇಂಗ್ಲಿಷಿನಲ್ಲಿ ಕೊಟ್ಟಿದ್ದರೆ ಕಡಿಮೆಯೇ ಬರುತ್ತಿತ್ತು. ಕನ್ನಡದಲ್ಲಿ ಕೊಟ್ಟಿದ್ದರೆ ಬೇರೆ. ಅಷ್ಟು ಅತ್ತ ಮೇಲೆ ಯಾವ ಭಾಷೆಯಲ್ಲೂ ಸರಿಯಾಗಿ ಬರುತ್ತಿರಲಿಲ್ಲ.

ಒಂದು ಸೇರಿಸುತ್ತೇನೆ. 2018ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಹಾಕಿ ನೋಡಿದ ಅಧ್ಯಯನ ಒಂದಿದೆ. ಒಂದು ವರ್ಷ ಹೆಚ್ಚು ಓದಿದರೆ ಐಕ್ಯೂ 1ರಿಂದ 5 ಪಾಯಿಂಟ್ ಏರುತ್ತದೆ ಅಂತ ಸಿಕ್ಕಿತು. ಬುದ್ಧಿ ಇದ್ದವರು ಓದುತ್ತಾರೆ ಅನ್ನುವುದು ಅರ್ಧ ಮಾತ್ರ. ಓದಿದ್ದರಿಂದ ಬುದ್ಧಿ ಬೆಳೆಯುವುದೂ ಇದೆ. ಗೇಟಿನ ಹೊರಗೇ ಉಳಿದಿದ್ದರೆ ಅದು ಬೆಳೆಯುತ್ತಿರಲಿಲ್ಲ.

ಮೆಕ್ಯಾನಿಕಲ್ ಮೇಷ್ಟ್ರು

ನಾಲ್ಕು ದಿನ ಕಾಲೇಜಿನ ಗಡಿಬಿಡಿ, ಈಗ ಬಂದೆ. ಎಲ್ಲರದ್ದೂ ಎರಡೆರಡು ಸಲ ಓದಿದೆ.

ಮಂಗಳವಾರ ಮತ್ತೆ ಅದೇ ಕ್ಲಾಸು. ಪ್ರಶ್ನೆ ಬದಲಾಯಿಸಿದೆ. ಬೋರ್ಡು ಮುಟ್ಟಲಿಲ್ಲ. "ನಿಮ್ಮ ತೋಟಕ್ಕೆ ಎರಡಿಂಚು ಪೈಪಲ್ಲಿ ನೀರು ಬರ್ತಿತ್ತು. ಒಡೆದು ಹೋಯ್ತು. ಅಂಗಡಿಯಲ್ಲಿ ಒಂದಿಂಚು ಪೈಪು ಮಾತ್ರ ಇದೆ. ಅಷ್ಟೇ ನೀರು ಬರಬೇಕು ಅಂದ್ರೆ ಎಷ್ಟು ಲೈನ್ ಎಳೀತೀರಿ?" ಅಂದೆ.

ಮೊದಲು ಯಾರೋ "ಎರಡು" ಅಂದರು. ಐದಾರು ಜನ ಆ ಕಡೆ ತಿರುಗಿ ನಕ್ಕರು. ಫಾರ್ಮುಲಾ ಕೊಡಿ ಅಂದಿದ್ದನಲ್ಲ, ಕೊನೇ ಬೆಂಚಿನವನು, ಅವರದ್ದು ತಿಪಟೂರು ಹತ್ತಿರ ತೆಂಗಿನ ತೋಟ. ಎದ್ದು ನಿಂತ. "ನಾಲ್ಕು ಎಳೆದ್ರೂ ಸಾಲಲ್ಲ ಸರ್. ಐದೂ ಸಾಲಲ್ಲ. ಸಣ್ಣ ಪೈಪಲ್ಲಿ ನೀರು ತಿಣುಕುತ್ತೆ."

ಏರಿಯಾ ಲೆಕ್ಕದಲ್ಲಿ ನಾಲ್ಕು. ಒಳಗೋಡೆಯ ಘರ್ಷಣೆ ಸೇರಿಸಿದರೆ ಐದೂವರೆಯ ಮೇಲೆ ಬೇಕು. ಆ ಘರ್ಷಣೆಯ ಪಾಠ ನನ್ನ ಪ್ಲಾನಿನಲ್ಲಿ ಮುಂದಿನ ತಿಂಗಳು ಇರುವುದು. ಎರಡು ನಿಮಿಷ ಸುಮ್ಮನೆ ನಿಂತಿದ್ದೆ.

ಖಡಕ್ ಸರ್, ಇದನ್ನ ಕೇಳಿ ಸಿನಿಮಾ ಕಥೆ ಅನ್ನಬೇಡಿ. ಸಂಜೆ ಕೂತು ಇಂಟರ್ನಲ್ಸ್ ಪೇಪರ್ ತಿದ್ದಿದೆ. ಅವನಿಗೆ 50ಕ್ಕೆ 17. ಪರೀಕ್ಷೆಗೆ ಕೂರಲು 20 ಬೇಕು. ಬರ್ನೌಲಿ ಸಮೀಕರಣದ ಸ್ಪೆಲಿಂಗು ಮೂರು ಥರ ಬರೆದಿದ್ದಾನೆ, ಯೂನಿಟ್ ಎಲ್ಲೂ ಹಾಕಿಲ್ಲ. ಇನ್ನೊಂದು ಟೆಸ್ಟ್ ಬಾಕಿ ಇದೆ. ಶನಿವಾರ ಮಧ್ಯಾಹ್ನ ಬಾ ಅಂದಿದ್ದೇನೆ. ಅವನ ಜೊತೆ "ಎರಡು" ಅಂದವನನ್ನೂ ಕರೆದಿದ್ದೇನೆ.